ಸೂಜಿ ಇಲ್ಲದ ಊರಿನಲ್ಲಿ ಕೀಹೋಲ್ ಸಂಭ್ರಮ

‘ಅಪರೂಪದ ಶಸ್ತ್ರಚಿಕಿತ್ಸೆ: ರೋಗಿಗೆ ಮರುಜನ್ಮ.’ ಈ ತಲೆಬರಹವನ್ನು ಜಿಲ್ಲಾ ಪುಟಗಳಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಊರಿನ ಹೆಸರು, ಆಸ್ಪತ್ರೆಯ ಹೆಸರು, ಅಂಗದ ಹೆಸರು ಬದಲಾಗುತ್ತವೆ. ಉಳಿದದ್ದೆಲ್ಲ ಅದೇ. ಪತ್ರಿಕಾಗೋಷ್ಠಿಯ ಮೇಜಿನ ಹಿಂದೆ ಬಿಳಿ ಕೋಟು ತೊಟ್ಟ ನಾಲ್ಕೈದು ಮಂದಿ, ಪಕ್ಕದಲ್ಲಿ ಮಾತಿಲ್ಲದೆ ಕೂತ ರೋಗಿ, ಹಿಂದೆ ಆಸ್ಪತ್ರೆಯ ಹೆಸರು ದೊಡ್ಡದಾಗಿ ಕಾಣುವ ಬ್ಯಾನರು. ಈಚೆಗೆ ಈ ಸಾಲಿಗೆ ಸೇರಿಕೊಂಡಿರುವುದು ಹೃದಯದ ಸುತ್ತ ತುಂಬಿದ ನೀರನ್ನು ‘ಎದೆ ಕೊಯ್ಯದೆ’ ಹೊರತೆಗೆದ ಸುದ್ದಿ. ಒಂದು ಸಣ್ಣ ರಂಧ್ರ, ಒಳಗೆ ಕ್ಯಾಮೆರಾ, ಹೊರಗೆ ಪರದೆ, ಮೂರನೇ ದಿನ ರೋಗಿ ಮನೆಗೆ. ಓದಿದವರಿಗೆ ಖುಷಿಯಾಗುತ್ತದೆ, ಆಗಲೇಬೇಕು. ಒಂದು ಜೀವ ಉಳಿದಿದೆ.

ಆದರೆ ಇಂಥ ಸುದ್ದಿಯನ್ನು ಇನ್ನೊಮ್ಮೆ ಓದಿ ನೋಡಿ. ಆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಅದರಲ್ಲಿ ಇರುವುದಿಲ್ಲ. ಆ ರೋಗಿ ಮೊದಲು ಹೋದ ಆಸ್ಪತ್ರೆಯಲ್ಲಿ ಅದು ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಯೂ ಇರುವುದಿಲ್ಲ. ಗ್ರಾಮೀಣ ಪತ್ರಿಕೋದ್ಯಮ ಓದಿ ಹೊರಬಂದ ನಮಗೆ ಈ ಎರಡು ಪ್ರಶ್ನೆಗಳೇ ನಿಜವಾದ ಸುದ್ದಿ ಎನ್ನಿಸುತ್ತದೆ. ಕೀಹೋಲ್ ಶಸ್ತ್ರಚಿಕಿತ್ಸೆಯ ಮೇಲೆ ನಮಗೆ ಸಿಟ್ಟಿಲ್ಲ. ಅದರ ಸಂಭ್ರಮದ ಸದ್ದಿನಲ್ಲಿ ಒಂದು ಸೂಜಿ, ಒಂದು ಸ್ಕ್ಯಾನಿಂಗ್ ಯಂತ್ರ ಮತ್ತು ಕ್ಷಯ ಎಂಬ ಎರಡಕ್ಷರದ ಕಾಯಿಲೆ ಮುಚ್ಚಿಹೋಗುತ್ತಿರುವುದರ ಬಗ್ಗೆ ಸಿಟ್ಟಿದೆ.

ಚೀಲದೊಳಗಿನ ಲೆಕ್ಕ

ಮೊದಲು ವಿಷಯ ತಿಳಿದುಕೊಳ್ಳೋಣ. ನಮ್ಮ ಹೃದಯ ಎರಡು ಪದರದ ಒಂದು ಚೀಲದೊಳಗೆ ಕೂತಿದೆ. ಎರಡು ಪದರಗಳ ನಡುವೆ ಆರೋಗ್ಯವಂತರಲ್ಲೂ 15ರಿಂದ 50 ಮಿಲಿಲೀಟರ್ ದ್ರವ ಇರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ, ಹೃದಯ ಬಡಿಯುವಾಗ ಉಜ್ಜದಿರಲಿ ಎಂದು. ಸೋಂಕು, ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ, ಥೈರಾಯ್ಡ್ ಕೊರತೆ, ಎದೆಗೆ ಬಿದ್ದ ಪೆಟ್ಟು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆ, ಹೀಗೆ ನಾನಾ ಕಾರಣಕ್ಕೆ ಈ ದ್ರವ ಹೆಚ್ಚುತ್ತದೆ.

ಇಲ್ಲಿ ಎಷ್ಟು ನೀರು ಎನ್ನುವುದಕ್ಕಿಂತ ಎಷ್ಟು ಬೇಗ ತುಂಬಿತು ಎನ್ನುವುದು ಮುಖ್ಯ. ಚೀಲ ಗಟ್ಟಿ, ಒಮ್ಮೆಲೇ ಹಿಗ್ಗುವುದಿಲ್ಲ. ಗಾಯವಾಗಿ ರಕ್ತ ಸುರಿದರೆ 150–200 ಮಿಲಿಲೀಟರ್ ಸಾಕು, ಹೃದಯ ಹಿಂಡಿದಂತಾಗಿ ಜೀವ ಹೋಗಬಹುದು. ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ತುಂಬಿದರೆ ಚೀಲ ಹಿಗ್ಗುತ್ತಾ ಹೋಗಿ ಒಂದು ಲೀಟರ್‌ಗೂ ಮಿಕ್ಕಿ ಹಿಡಿಯುತ್ತದೆ. ಆದರೆ ಅದಕ್ಕೂ ಒಂದು ಕೊನೆಯಿದೆ. ಆ ಕೊನೆ ಮುಟ್ಟಿದ ಮೇಲೆ ಹೃದಯಕ್ಕೆ ಹಿಗ್ಗಿ ರಕ್ತ ತುಂಬಿಕೊಳ್ಳಲು ಜಾಗ ಇರುವುದಿಲ್ಲ. ತುಂಬಿಕೊಳ್ಳದ ಹೃದಯ ಏನನ್ನು ಹೊರಗೆ ತಳ್ಳೀತು? ರಕ್ತದೊತ್ತಡ ಕುಸಿಯುತ್ತದೆ, ಕುತ್ತಿಗೆಯ ನರಗಳು ಉಬ್ಬುತ್ತವೆ, ಸ್ಟೆತಸ್ಕೋಪಿನಲ್ಲಿ ಹೃದಯದ ಸದ್ದು ದೂರದಿಂದ ಬಂದಂತೆ ಕೇಳುತ್ತದೆ. ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ ಈ ಮೂರು ಲಕ್ಷಣಗಳನ್ನು 1935ರಲ್ಲೇ ಒಟ್ಟಿಗೆ ಬರೆದಿಟ್ಟರು. ಈ ಸ್ಥಿತಿಗೆ ವೈದ್ಯರು ಟ್ಯಾಂಪೊನೇಡ್ ಎನ್ನುತ್ತಾರೆ. ಇದು ಗಂಟೆಗಳ ಲೆಕ್ಕದ, ಕೆಲವೊಮ್ಮೆ ನಿಮಿಷಗಳ ಲೆಕ್ಕದ ತುರ್ತು.

ಇಷ್ಟೆಲ್ಲ ಹೇಳಲು ಕಾರಣವಿದೆ. ಕೀಹೋಲ್ ಸುದ್ದಿಗಳಲ್ಲಿ ‘ಒಂದು ಲೀಟರ್ ನೀರು’ ಎಂಬ ಅಂಕಿ ಬೆರಗಿನ ಸಂಗತಿಯಾಗಿ ಅಚ್ಚಾಗುತ್ತದೆ. ಅದನ್ನು ಬೇರೆ ಥರ ಓದಬೇಕು. ಒಂದು ಲೀಟರ್ ತುಂಬಿದೆ ಎಂದರೆ ಸಾಮಾನ್ಯವಾಗಿ ವಾರಗಳು ಕಳೆದಿವೆ ಎಂದರ್ಥ. ಅಷ್ಟು ದಿನ ಆ ಮನುಷ್ಯ ದಮ್ಮು ಕಟ್ಟಿಕೊಂಡು ಎಲ್ಲೆಲ್ಲಿ ಅಲೆದಿರಬೇಕು? ಯಾರು ಯಾರು ಅವರ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ‘ಗ್ಯಾಸ್ಟ್ರಿಕ್’ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿರಬೇಕು? ಆ ಒಂದು ಲೀಟರ್, ವ್ಯವಸ್ಥೆ ಎಷ್ಟು ದಿನ ಕಣ್ಣು ಮುಚ್ಚಿಕೊಂಡಿತ್ತು ಎಂಬುದರ ಅಳತೆ.

ಕ್ಯಾಮೆರಾ ಯಾರಿಗೆ, ಸೂಜಿ ಯಾರಿಗೆ

ಈಗ ಆ ಹೊಗಳಿಕೆಯ ಶಸ್ತ್ರಚಿಕಿತ್ಸೆಗೆ ಬರೋಣ. ಪಕ್ಕೆಲುಬುಗಳ ನಡುವೆ ಒಂದೆರಡು ಸಣ್ಣ ಸೀಳು ಮಾಡಿ, ಕ್ಯಾಮೆರಾ ತೂರಿಸಿ, ಹೃದಯದ ಚೀಲದ ಒಂದು ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಅಲ್ಲಿ ಒಂದು ಕಿಟಕಿ ಆಗುತ್ತದೆ. ಮತ್ತೆ ತುಂಬುವ ನೀರು ಆ ಕಿಟಕಿಯಿಂದ ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಹರಿದು ಅಲ್ಲಿ ಹೀರಿಕೊಳ್ಳುತ್ತದೆ, ಹೃದಯದ ಮೇಲೆ ಒತ್ತಡ ಬೀಳುವುದಿಲ್ಲ. ಎದೆಮೂಳೆಯ ತುದಿಯ ಕೆಳಗೆ ಸಣ್ಣದಾಗಿ ಕೊಯ್ದು ಕಿಟಕಿ ಮಾಡುವ ಇನ್ನೊಂದು ವಿಧಾನವೂ ಇದೆ. ಬಲೂನು ಹಾಕಿ ಚೀಲವನ್ನು ಹರಿಯುವ ವಿಧಾನ 1990ರ ದಶಕದ ಆರಂಭದಿಂದ ಬಳಕೆಯಲ್ಲಿದೆ.

ಇದರಿಂದ ನಿಜವಾಗಿ ಉಪಕಾರ ಆಗುವವರಿದ್ದಾರೆ. ಶ್ವಾಸಕೋಶದ ಅಥವಾ ಸ್ತನದ ಕ್ಯಾನ್ಸರ್ ಹರಡಿ ಪದೇ ಪದೇ ನೀರು ತುಂಬುವವರು, ಸೂಜಿಗೆ ಸಿಗದಂತೆ ನೀರು ಹಿಂಭಾಗದಲ್ಲಿ ಗುಂಪುಗುಂಪಾಗಿ ನಿಂತವರು, ಕಾರಣ ತಿಳಿಯಲು ಚೀಲದ ತುಣುಕನ್ನೇ ಪರೀಕ್ಷಿಸಬೇಕಾದವರು. ಇಂಥವರಿಗೆ ಎದೆಮೂಳೆ ಸೀಳುವ ದೊಡ್ಡ ಶಸ್ತ್ರಚಿಕಿತ್ಸೆಗಿಂತ ಸಣ್ಣ ರಂಧ್ರ ಸಾವಿರ ಪಾಲು ವಾಸಿ. ಕೂಲಿ ಮಾಡುವವರಿಗೆ ಬೇಗ ವಾಸಿಯಾಗುವುದು ಎಂದರೆ ಬೇಗ ದುಡಿಮೆಗೆ ಹೋಗುವುದು ಎಂದರ್ಥ. ಈ ಸೌಲಭ್ಯ ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೂ ಹೆಚ್ಚು ಕಡೆ ಬರಲಿ ಎಂದೇ ನಾವೂ ಕೇಳುತ್ತೇವೆ.

ಆದರೆ ಹೃದಯ ಹಿಂಡಿಹೋಗಿ, ರಕ್ತದೊತ್ತಡ ಕುಸಿದು, ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಂದವರ ಜೀವ ಉಳಿಸುವ ಮೊದಲ ಕೆಲಸ ಸಾಮಾನ್ಯವಾಗಿ ಕ್ಯಾಮೆರಾದ್ದಲ್ಲ. ಕ್ಯಾಮೆರಾದ ಈ ಶಸ್ತ್ರಚಿಕಿತ್ಸೆಗೆ ಪೂರ್ಣ ಅರಿವಳಿಕೆ ಬೇಕು, ಹಲವು ಸಲ ಒಂದು ಶ್ವಾಸಕೋಶವನ್ನು ತಾತ್ಕಾಲಿಕವಾಗಿ ಮುಚ್ಚಬೇಕು. ಹಿಂಡಿಹೋದ ಹೃದಯ ಇರುವವರಿಗೆ ಅರಿವಳಿಕೆ ಕೊಟ್ಟು ಯಂತ್ರದ ಉಸಿರಾಟಕ್ಕೆ ಹಾಕಿದರೆ ಇದ್ದ ರಕ್ತದೊತ್ತಡವೂ ಕುಸಿಯುವ ಅಪಾಯ ದೊಡ್ಡದು. ಅದಕ್ಕೇ ಬಹುಪಾಲು ಸಂದರ್ಭಗಳಲ್ಲಿ ಮೊದಲು ಮಾಡುವುದು ಸ್ಥಳೀಯ ಅರಿವಳಿಕೆ ಕೊಟ್ಟು, ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾ ಸೂಜಿ ಚುಚ್ಚಿ, ಒಂದು ತೆಳು ನಳಿಗೆ ಬಿಟ್ಟು ನೀರು ಹೊರತೆಗೆಯುವುದು. ಗಾಯದಿಂದ ರಕ್ತ ಹೆಪ್ಪುಗಟ್ಟಿದಾಗ, ಮಹಾಪಧಮನಿ ಸೀಳಿದಾಗ ಶಸ್ತ್ರಚಿಕಿತ್ಸೆಯೇ ಬೇಕು. ಉಳಿದವರಿಗೆ ಸೂಜಿಯೇ ಮೊದಲ ಆಸರೆ. ಕೆಲವರಲ್ಲಿ ಮೊದಲ 50–100 ಮಿಲಿಲೀಟರ್ ಹೊರಬರುತ್ತಿದ್ದಂತೆ ನಾಡಿ ಮರಳುತ್ತದೆ.

ಸೂಜಿಯೇನೂ ಹೊಸದಲ್ಲ. ವಿಯೆನ್ನಾದಲ್ಲಿ ಫ್ರಾಂಜ್ ಶೂ ಎಂಬ ವೈದ್ಯ ಹೃದಯದ ಚೀಲಕ್ಕೆ ಚುಚ್ಚಿ ನೀರು ತೆಗೆದದ್ದು 1840ರಲ್ಲಿ. ಆಗ ಅದು ಕುರುಡು ಚುಚ್ಚು, ಹೃದಯಕ್ಕೇ ತಾಗುವ ಭಯ. 1965ರಲ್ಲಿ ಅಮೆರಿಕದ ಹಾರ್ವೆ ಫೈಗೆನ್‌ಬಾಮ್ ಅಲ್ಟ್ರಾಸೌಂಡ್‌ನಲ್ಲಿ ಹೃದಯದ ಸುತ್ತಲಿನ ನೀರನ್ನು ಕಾಣಬಹುದೆಂದು ತೋರಿಸಿಕೊಟ್ಟರು. ಅಮೆರಿಕದ ಮೇಯೊ ಕ್ಲಿನಿಕ್ 1979ರಿಂದ ಸ್ಕ್ಯಾನಿಂಗ್ ನೋಡಿಕೊಂಡೇ ಚುಚ್ಚುವ ಪದ್ಧತಿ ರೂಢಿಸಿಕೊಂಡಿತು. 21 ವರ್ಷಗಳಲ್ಲಿ ಮಾಡಿದ 1,127 ಪ್ರಕರಣಗಳ ಲೆಕ್ಕವನ್ನು ಅಲ್ಲಿನವರು 2002ರಲ್ಲಿ ಪ್ರಕಟಿಸಿದರು: ಶೇ 97ರಷ್ಟು ಯಶಸ್ಸು, ದೊಡ್ಡ ತೊಂದರೆ ಶೇ 1.2ರಲ್ಲಿ ಮಾತ್ರ. ದೊಡ್ಡ ಆಸ್ಪತ್ರೆಯ ಪಳಗಿದ ಕೈಗಳ ಲೆಕ್ಕ ಅದು, ಒಪ್ಪೋಣ. ಆದರೆ ಕಣ್ಣಿಗೆ ಕಾಣುವಂತೆ ಚುಚ್ಚಿದರೆ ಈ ಕೆಲಸ ಎಷ್ಟು ಸುರಕ್ಷಿತ ಆಗಬಲ್ಲದು ಎಂಬುದನ್ನು ಅದು ತೋರಿಸಿದೆ. ಕನಿಷ್ಠ ಗಾಯದ ಚಿಕಿತ್ಸೆ ಎಂದರೆ ಇದಕ್ಕಿಂತ ಕನಿಷ್ಠ ಇನ್ನೇನಿದೆ? ಆದರೂ ಸೂಜಿಗೆ ಯಾರೂ ಪತ್ರಿಕಾಗೋಷ್ಠಿ ಕರೆಯುವುದಿಲ್ಲ. ಸೂಜಿಯಲ್ಲಿ ಮಾರುವಂಥದ್ದು ಏನೂ ಇಲ್ಲ.

ಹೆಸರು ಹೇಳದ ಕಾಯಿಲೆ

ಆ ನೀರು ಎಲ್ಲಿಂದ ಬಂತು ಎಂಬ ಮೊದಲ ಪ್ರಶ್ನೆಗೆ ಉತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಕಾರಣ ತಿಳಿಯದವು, ವೈರಾಣು, ಕ್ಯಾನ್ಸರ್ ಇವು ಮುಂದೆ. ಕ್ಷಯ ಬೀಡುಬಿಟ್ಟ ದೇಶಗಳಲ್ಲಿ ಕ್ಷಯವೇ ಮುಖ್ಯ ಕಾರಣಗಳ ಸಾಲಿನ ತುದಿಯಲ್ಲಿದೆ. ಜಗತ್ತಿನ ಪ್ರತಿ ನಾಲ್ಕು ಕ್ಷಯ ರೋಗಿಗಳಲ್ಲಿ ಸರಿಸುಮಾರು ಒಬ್ಬರು ಭಾರತದವರು. ಕ್ಷಯ ಎಂದರೆ ಕೆಮ್ಮು, ಕಫ, ಶ್ವಾಸಕೋಶ ಎಂದಷ್ಟೇ ಗೋಡೆಬರಹಗಳು ನಮಗೆ ಕಲಿಸಿವೆ. ಅದು ಎದೆಯ ಗ್ರಂಥಿಗಳಿಂದ ಹೃದಯದ ಚೀಲಕ್ಕೆ ದಾಟಿ ಅಲ್ಲಿ ನೀರು ತುಂಬಿಸುತ್ತದೆ ಎಂದು ಯಾವ ಗೋಡೆಯೂ ಹೇಳುವುದಿಲ್ಲ.

ಈ ಕಥೆಯಲ್ಲೊಂದು ವ್ಯಂಗ್ಯವಿದೆ. ಎದೆಯೊಳಗೆ ಕೊಳವೆ ತೂರಿಸಿ ನೋಡುವ ವಿದ್ಯೆಯನ್ನು 1910ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಹಾನ್ಸ್ ಕ್ರಿಸ್ಟಿಯನ್ ಜಾಕೋಬಿಯಸ್. ಮುಂದೆ ಆ ವಿದ್ಯೆ ಬೆಳೆದದ್ದೇ ಕ್ಷಯ ರೋಗಿಗಳ ಎದೆಯಲ್ಲಿ. ಔಷಧವಿಲ್ಲದ ಆ ಕಾಲದಲ್ಲಿ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿದ್ದನ್ನು ಬಿಡಿಸಲು ಅದನ್ನು ಬಳಸುತ್ತಿದ್ದರು. ಇಂದು ನಮ್ಮ ಪತ್ರಿಕೆಗಳು ಬೆರಗಿನಿಂದ ಬರೆಯುವ ಕ್ಯಾಮೆರಾ ಶಸ್ತ್ರಚಿಕಿತ್ಸೆಯ ಅಜ್ಜ ಅದು. ಕ್ಷಯಕ್ಕಾಗಿ ಬೆಳೆದ ವಿದ್ಯೆಯ ಸುದ್ದಿಯಲ್ಲಿ ಈಗ ಕ್ಷಯ ಎಂಬ ಪದವೇ ಇರುವುದಿಲ್ಲ. ಹೇಳಿದರೆ ಮನೆತನಕ್ಕೆ ಕೆಟ್ಟ ಹೆಸರು ಎಂದು ರೋಗಿಯ ಕಡೆಯವರು ಅಂಜುತ್ತಾರೆ. ಬಡವರ ಕಾಯಿಲೆಯ ಹೆಸರು ತಮ್ಮ ಬ್ಯಾನರಿನ ಪಕ್ಕ ಬೇಡ ಎಂದು ಆಸ್ಪತ್ರೆಯವರಿಗೆ ಅನ್ನಿಸಬಹುದು. ವರದಿಗಾರರು ಕೇಳುವುದಿಲ್ಲ.

ಕೇಳದಿದ್ದರೆ ಆಗುವ ನಷ್ಟ ಸಣ್ಣದಲ್ಲ. ನೀರು ತೆಗೆದರೆ ಕ್ಷಯ ಹೋಗುವುದಿಲ್ಲ. ಆರು ತಿಂಗಳ ಮಾತ್ರೆ ನಡೆಯಲೇಬೇಕು. ನಡೆಯದಿದ್ದರೆ ನೀರು ಮತ್ತೆ ತುಂಬುತ್ತದೆ, ಇಲ್ಲವೇ ಚೀಲ ದಪ್ಪಗಾಗಿ, ಗಟ್ಟಿಯಾಗಿ, ಸುಣ್ಣಗಟ್ಟಿ ಹೃದಯವನ್ನು ಬಿಗಿಯುತ್ತದೆ. ಆಗ ಬೇಕಾಗುವುದು ಕೀಹೋಲ್ ಅಲ್ಲ, ಎದೆ ತೆರೆದು ಚೀಲವನ್ನೇ ಸುಲಿದು ತೆಗೆಯುವ ಭಾರಿ ಶಸ್ತ್ರಚಿಕಿತ್ಸೆ. ಮಾತ್ರೆ ಕೊಟ್ಟರೂ ಇದು ಸುಲಭದ ಕಾಯಿಲೆಯಲ್ಲ. ಆಫ್ರಿಕಾದ ದೇಶಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದ 185 ರೋಗಿಗಳನ್ನು ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಬೊಂಗಾನಿ ಮಯೋಸಿ ಮತ್ತು ಸಂಗಡಿಗರು ಗಮನಿಸಿದಾಗ, ಆರು ತಿಂಗಳೊಳಗೆ ನಾಲ್ಕರಲ್ಲಿ ಒಬ್ಬರು ತೀರಿಕೊಂಡಿದ್ದರು. ಎಚ್‌ಐವಿ ಇದ್ದವರಲ್ಲಿ ಸಾವು ಇನ್ನೂ ಹೆಚ್ಚು. ಅದೇ ಮಯೋಸಿಯವರ ಮುಂದಾಳತ್ವದಲ್ಲಿ ಆಫ್ರಿಕಾದ 8 ದೇಶಗಳ 1,400 ರೋಗಿಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸ್ಟಿರಾಯ್ಡ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂಬ ಆಸೆ ಅದರಲ್ಲಿ ಈಡೇರಲಿಲ್ಲ. ಚೀಲ ಬಿಗಿಯುವುದು ಮಾತ್ರ ಶೇ 7.8ರಿಂದ 4.4ಕ್ಕೆ ಇಳಿಯಿತು. ಬಡ ದೇಶಗಳ ವೈದ್ಯರು ತಮ್ಮ ರೋಗಿಗಳ ಕಾಯಿಲೆಯ ಬಗ್ಗೆ ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹುಡುಕಿದ ಕೆಲಸ ಅದು. ನಮ್ಮ ಜಿಲ್ಲಾ ಪುಟಗಳಿಗೆ ಬೇಕಾದ ‘ಆರೋಗ್ಯ ಸುದ್ದಿ’ ಅಂಥದ್ದು.

ನೀರು ತೆಗೆದ ಮೇಲೆ ಅದು ಎಲ್ಲಿ ಹೋಗುತ್ತದೆ ಎಂಬುದನ್ನೂ ಕೇಳಬೇಕು. ಆ ಬಾಟಲಿಯಲ್ಲಿ ರೋಗಿಯ ಮುಂದಿನ ಆರು ತಿಂಗಳ ಭವಿಷ್ಯ ಇರುತ್ತದೆ. ಎಡಿಎ ಎಂಬ ಕಿಣ್ವದ ಪ್ರಮಾಣ ಲೀಟರಿಗೆ 40 ಯೂನಿಟ್ ದಾಟಿದ್ದರೆ ಕ್ಷಯದ ಅನುಮಾನ ಬಲವಾಗುತ್ತದೆ. ಸಿಬಿನ್ಯಾಟ್ ಪರೀಕ್ಷೆಯಲ್ಲಿ ರೋಗಾಣು ಸಿಕ್ಕರೆ ಖಚಿತ, ಜೊತೆಗೆ ಮುಖ್ಯ ಔಷಧಕ್ಕೆ ಅದು ಬಗ್ಗುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಸಿಗದಿದ್ದರೆ ಕ್ಷಯ ಇಲ್ಲ ಎಂದಾಗುವುದಿಲ್ಲ. ಈ ದ್ರವದಲ್ಲಿ ರೋಗಾಣುಗಳು ಕಡಿಮೆ, ಪರೀಕ್ಷೆ ತಪ್ಪಿಸಿಕೊಳ್ಳುವುದುಂಟು. ಕ್ಯಾನ್ಸರ್ ಕೋಶಗಳಿವೆಯೇ ಎಂದೂ ನೋಡಬೇಕು. ಇದನ್ನೆಲ್ಲ ಮಾಡದೆ ನೀರನ್ನು ಚೆಲ್ಲಿ, ರೋಗಿಗೆ ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರೆ, ಆ ಮರುಜನ್ಮದ ಆಯಸ್ಸು ಎಷ್ಟು?

ಆಲೆಮನೆಗೆ ಬಂದ ಯಂತ್ರ ಆಸ್ಪತ್ರೆಗೆ ಬರಲಿಲ್ಲ

ಎರಡನೇ ಪ್ರಶ್ನೆ: ಮೊದಲ ಆಸ್ಪತ್ರೆಯಲ್ಲೇ ಯಾಕೆ ಕಾಣಲಿಲ್ಲ?

ರಾಯಚೂರು ಜಿಲ್ಲೆಯ ಒಬ್ಬ ಕೂಲಿಕಾರ ಮಹಿಳೆ ಎಂದಿಟ್ಟುಕೊಳ್ಳಿ. ಎರಡು ತಿಂಗಳಿಂದ ಸಂಜೆ ಜ್ವರ, ಊಟ ಸೇರದು, ನಾಲ್ಕು ಹೆಜ್ಜೆ ನಡೆದರೆ ದಮ್ಮು. ಮಲಗಿದರೆ ಉಸಿರು ಕಟ್ಟುತ್ತದೆ, ಮುಂದಕ್ಕೆ ಬಾಗಿ ಕೂತರೆ ಹಗುರ. ಕಾಲು ಬಾತಿದೆ. ಊರಿನ ವೈದ್ಯರು ರಕ್ತ ಕಡಿಮೆ ಎನ್ನುತ್ತಾರೆ. ಇನ್ನೊಬ್ಬರು ಹೃದಯ ದುರ್ಬಲ ಎಂದು ಮೂತ್ರ ಹೆಚ್ಚಿಸುವ ಮಾತ್ರೆ ಬರೆಯುತ್ತಾರೆ. ಹೃದಯ ಹಿಂಡಿಹೋಗುತ್ತಿರುವವರಿಗೆ ಆ ಮಾತ್ರೆ ಅಪಾಯ, ಹೃದಯಕ್ಕೆ ಮರಳುವ ಅಷ್ಟಿಷ್ಟು ರಕ್ತವನ್ನೂ ಅದು ಕಡಿಮೆ ಮಾಡುತ್ತದೆ. ಎಕ್ಸ್‌ರೇ ತೆಗೆಸಿದರೆ ಹೃದಯ ನೀರು ತುಂಬಿದ ಮಡಕೆಯಂತೆ ಗುಂಡಗೆ ಕಾಣಬಹುದು. ‘ಹಾರ್ಟ್ ದೊಡ್ಡದಾಗಿದೆ, ಬೆಂಗಳೂರಿಗೆ ಹೋಗಿ’ ಎನ್ನುತ್ತಾರೆ. ಬೆಂಗಳೂರು ಸುಮಾರು 400 ಕಿಲೋಮೀಟರ್. ಆ 400 ಕಿಲೋಮೀಟರ್ ದಾಟಿ ಬದುಕಿ ಬಂದವರು ಪತ್ರಿಕಾಗೋಷ್ಠಿಯ ಫೋಟೊದಲ್ಲಿ ಸಿಗುತ್ತಾರೆ. ದಾರಿಯಲ್ಲಿ ಹೋದವರು ಯಾವ ಫೋಟೊದಲ್ಲೂ ಇರುವುದಿಲ್ಲ. ಅವರ ಸಾವಿಗೆ ಊರಿನವರು ಇಡುವ ಹೆಸರು ಹಾರ್ಟ್ ಅಟ್ಯಾಕ್.

ಆಕೆಗೆ ಬೇಕಿದ್ದದ್ದು ಎದೆಯ ಮೇಲೆ ಎರಡು ನಿಮಿಷ ಇಡುವ ಒಂದು ಸ್ಕ್ಯಾನಿಂಗ್ ಪ್ರೋಬ್. ನೀರು ಪರದೆಯ ಮೇಲೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಹೃದಯದ ಕವಾಟದ ಸೂಕ್ಷ್ಮ ಅಳತೆಗೆ ತಜ್ಞರೇ ಬೇಕು. ಸುತ್ತ ಹೆಚ್ಚು ನೀರಿದೆಯೇ ಇಲ್ಲವೇ ಎಂದು ನೋಡಲು ತರಬೇತಿ ಪಡೆದ ಎಂಬಿಬಿಎಸ್ ವೈದ್ಯರು ಸಾಕು. ಜಗತ್ತಿನ ಅನೇಕ ತುರ್ತು ಚಿಕಿತ್ಸಾ ಘಟಕಗಳಲ್ಲಿ ಇದು ದಿನನಿತ್ಯದ ಕೆಲಸ.

ನಮ್ಮಲ್ಲಿ ಯಾಕಿಲ್ಲ? ಮೊದಲ ಕಾರಣ ಜನರ ಕೊರತೆ. 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ತಜ್ಞ ವೈದ್ಯರ ಕೊರತೆ ಶೇ 80ರ ಸಮೀಪ ಇತ್ತು. ಎರಡನೇ ಕಾರಣವಾಗಿ ಮುಂದೆ ಬರುವುದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ. ಪ್ರತಿ ಅಲ್ಟ್ರಾಸೌಂಡ್ ಯಂತ್ರಕ್ಕೂ ನೋಂದಣಿ, ಇಂಥ ಕಡೆ ಇಂಥವರೇ ಬಳಸಬೇಕೆಂಬ ಕಟ್ಟುಪಾಡು. ಹೆಣ್ಣುಭ್ರೂಣಗಳನ್ನು ಕೊಂದ ಸಮಾಜಕ್ಕೆ ಈ ಕಾಯ್ದೆ ಬೇಕೇ ಬೇಕು, ಸಡಿಲಿಸಿ ಎಂದು ನಾವು ಕೇಳುವುದಿಲ್ಲ. ಆದರೆ 2023ರ ನವೆಂಬರ್‌ನಲ್ಲಿ ಬಯಲಾದದ್ದನ್ನು ನೆನಪಿಸಿಕೊಳ್ಳಿ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಅದು. ಬೆಲ್ಲ ಕಾಯಿಸುವ ಆಲೆಮನೆಗೆ ಕಳ್ಳದಾರಿಯಲ್ಲಿ ಯಂತ್ರ ಬರುತ್ತದೆ. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಕಾನೂನಿನ ಪ್ರಕಾರವೇ ನೋಂದಾಯಿಸಿ, ಹೃದಯದ ಪ್ರೋಬ್ ಜೋಡಿಸಿ, ಬಳಸಿದ್ದರ ದಾಖಲೆ ಇಟ್ಟು ಒಂದು ಯಂತ್ರ ತರುವುದು ಮಾತ್ರ ಕಷ್ಟವಾಗುತ್ತದೆ. ಕಾಯ್ದೆಯ ನೆಪ ಹೇಳಿ ಕೈಕಟ್ಟಿ ಕೂರುವುದನ್ನು ನಾವು ಒಪ್ಪುವುದಿಲ್ಲ.

ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದಲ್ಲಿ ಕೂತ ತಜ್ಞರು ಅದನ್ನು ನೋಡಿ, ಹೃದಯಾಘಾತ ಎಂದು ಖಚಿತವಾದರೆ ದುಬಾರಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ಒಳ್ಳೆಯ ಯೋಜನೆ. ಅದೇ ತಂತಿಯ ಮೇಲೆ ಇಸಿಜಿಯ ಜೊತೆಗೆ ಎದೆಯ ಸ್ಕ್ಯಾನಿಂಗ್ ಚಿತ್ರವನ್ನೂ ಕಳಿಸುವುದಕ್ಕೆ ಏನು ಅಡ್ಡಿ? ಅದರಿಂದ ಯೋಜನೆಗೂ ಒಂದು ರಕ್ಷಣೆ. ಹೃದಯದ ಚೀಲದ ಉರಿಯೂತ ಇಸಿಜಿಯಲ್ಲಿ ಕೆಲವೊಮ್ಮೆ ಹೃದಯಾಘಾತದಂತೆಯೇ ಕಾಣುತ್ತದೆ. ಅಂಥವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬಿದ್ದರೆ ಚೀಲದೊಳಗೆ ರಕ್ತಸ್ರಾವದ ಅಪಾಯವಿದೆ.

ನಮಗೆ ಎದುರಾಗುವ ಮಾತುಗಳು

ಈ ವಾದ ಮುಂದಿಟ್ಟರೆ ಮೂರು ಬಗೆಯ ಆಕ್ಷೇಪ ಬರುತ್ತದೆ.

ಮೊದಲನೆಯದು: ‘ಹಳ್ಳಿಯವರಿಗೆ ಸೂಜಿ ಸಾಕು, ಕ್ಯಾಮೆರಾ ಪಟ್ಟಣದವರಿಗೆ ಎನ್ನುತ್ತೀರಾ?’ ಇಲ್ಲ. ಕ್ಯಾನ್ಸರ್‌ನಿಂದ ಪದೇ ಪದೇ ನೀರು ತುಂಬುವ ಹಳ್ಳಿಯ ಹೆಂಗಸಿಗೂ ಕಿಟಕಿ ಶಸ್ತ್ರಚಿಕಿತ್ಸೆ ಸಿಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದು ಬರೆದುಕೊಂಡಿರುವುದು ಇಂಥವರಿಗಾಗಿಯೇ. ಆದರೆ ಆ ಬಾಗಿಲಿನವರೆಗೆ ಆಕೆ ಜೀವಂತ ತಲುಪಬೇಕಲ್ಲ. ಯಾರಿಗೆ ಸೂಜಿ ಸಾಕು, ಯಾರಿಗೆ ಕ್ಯಾಮೆರಾ ಬೇಕು ಎಂದು ತೀರ್ಮಾನ ಆಗುವುದೂ ಮೊದಲು ಕಾಯಿಲೆ ಕಂಡರೆ ಮಾತ್ರ.

ಎರಡನೆಯದು: ‘ತಾಲ್ಲೂಕಿನ ವೈದ್ಯರು ಹೃದಯದ ಹತ್ತಿರ ಸೂಜಿ ಹಾಕಿ ರೋಗಿ ಸತ್ತರೆ? ಜನ ಆಸ್ಪತ್ರೆ ಒಡೆಯುತ್ತಾರೆ.’ ಈ ಭಯ ನಿಜ. ಅದಕ್ಕೆ ಎಲ್ಲ ಕಡೆ ಸೂಜಿ ಹಾಕಿ ಎಂದು ನಾವು ಹೇಳುವುದಿಲ್ಲ. ತಾಲ್ಲೂಕಿನಲ್ಲಿ ಕಾಣಲಿ, ಜಿಲ್ಲಾ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಸೂಜಿ ಹಾಕಬಲ್ಲ ಒಬ್ಬರಾದರೂ ಇರಲಿ. ದಾರಿಯಲ್ಲೇ ಜೀವ ಹೋಗುವ ಸ್ಥಿತಿ ಇದ್ದರೆ ದೂರದ ತಜ್ಞರು ಪರದೆಯಲ್ಲಿ ನೋಡುತ್ತಾ ಸ್ಥಳದಲ್ಲಿರುವ ವೈದ್ಯರ ಕೈ ಹಿಡಿದು ನಡೆಸಲಿ. ಭಯ ಇರುವ ಕಡೆ ತರಬೇತಿ ಕೊಡಬೇಕು, ರಕ್ಷಣೆ ಕೊಡಬೇಕು. ‘ಬೆಂಗಳೂರಿಗೆ ಹೋಗಿ’ ಎಂಬ ಚೀಟಿಯಿಂದ ವೈದ್ಯರು ಪಾರಾಗುತ್ತಾರೆಯೇ ಹೊರತು ರೋಗಿ ಪಾರಾಗುವುದಿಲ್ಲ.

ಮೂರನೆಯದು ನಮ್ಮದೇ ವೃತ್ತಿಯ ಕಡೆಯಿಂದ: ‘ಒಳ್ಳೆಯ ಸುದ್ದಿ ಬರೆದರೂ ತಪ್ಪೇ?’ ಒಳ್ಳೆಯ ಸುದ್ದಿ ಬರೆಯೋಣ. ಆದರೆ ಆಸ್ಪತ್ರೆ ಕಳಿಸಿದ ಒಂದು ಪುಟವನ್ನು ಹಾಗೇ ಅಚ್ಚು ಹಾಕಿದರೆ ಅದು ಜಾಹೀರಾತು. ರೋಗಿಗಳನ್ನು ಸೆಳೆಯಲು ವೈದ್ಯರು ಪ್ರಚಾರ ಮಾಡಿಕೊಳ್ಳುವುದು ಅನೈತಿಕ ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳೇ ಹೇಳಿವೆ. ಆ ನಿಯಮದ ಬೇಲಿ ಹಾರಲು ಪತ್ರಿಕಾಗೋಷ್ಠಿ ಏಣಿಯಾಗುತ್ತದೆ, ಆ ಏಣಿ ಹಿಡಿದು ನಿಲ್ಲುವವರು ಪತ್ರಕರ್ತರು. ಹಣ ಕೊಟ್ಟು ಹಾಕಿಸುವ ಜಾಹೀರಾತಿಗಾದರೆ ಕೆಳಗೆ ‘ಜಾಹೀರಾತು’ ಎಂಬ ಪದವಾದರೂ ಇರುತ್ತದೆ.

ಇದೇ ಪುಟಗಳಲ್ಲಿ ಜಾಗ ಸಿಗದ ಒಂದು ಸುದ್ದಿ ಹೇಳುತ್ತೇವೆ. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಒಂದು ಅಧ್ಯಯನ ನಡೆಸಿತು. ಕ್ಷಯ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಧಾನ್ಯ, ಬೇಳೆ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಹೃದಯದ ಸುತ್ತ ಕ್ಷಯದ ನೀರು ತುಂಬದಂತೆ ತಡೆಯುವ ಅತಿ ಕನಿಷ್ಠ ಗಾಯದ ಚಿಕಿತ್ಸೆ ಇದೇ: ಹೊಟ್ಟೆಗೆ ಅನ್ನ, ಬೇಳೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಅದು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನರ ಖಾತೆಗೆ, ಎಷ್ಟನೇ ತಿಂಗಳಲ್ಲಿ ಬಂತು ಎಂದು ಕೇಳಿ ಬರೆದರೆ ಅದು ಹೃದಯದ ಸುದ್ದಿಯೇ.

ಕೇಳಬೇಕಾದ್ದು

ಆದ್ದರಿಂದ ಸರ್ಕಾರಕ್ಕೆ ನಮ್ಮ ಬೇಡಿಕೆ ಚಿಕ್ಕದು, ಸ್ಪಷ್ಟ. ತಾಲ್ಲೂಕು ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಎದೆ ನೋಡುವ ಸ್ಕ್ಯಾನಿಂಗ್ ಇರಬೇಕು, ಬಳಸುವವರಿಗೆ ತರಬೇತಿ ಇರಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ದಿನದ 24 ಗಂಟೆಯೂ ಹೃದಯದ ಚೀಲದ ನೀರು ತೆಗೆಯುವ ವ್ಯವಸ್ಥೆ ಇರಬೇಕು. ಎಲ್ಲೇ ನೀರು ತೆಗೆದರೂ, ಖಾಸಗಿಯಾಗಲಿ ಸರ್ಕಾರಿಯಾಗಲಿ, ಅದು ಕ್ಷಯ ಮತ್ತು ಕ್ಯಾನ್ಸರ್ ಪರೀಕ್ಷೆಗೆ ಹೋಗಲೇಬೇಕು. ಕ್ಷಯ ಎಂದಾದರೆ ರೋಗಿ ಊರಿಗೆ ಮರಳುವ ಮೊದಲೇ ಆ ಊರಿನ ಕ್ಷಯ ಘಟಕಕ್ಕೆ, ಆಶಾ ಕಾರ್ಯಕರ್ತೆಗೆ ಸುದ್ದಿ ತಲುಪಬೇಕು. ಕಿಟಕಿ ಶಸ್ತ್ರಚಿಕಿತ್ಸೆ ಬೇಕಾದವರಿಗೆ ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವದಂಥ ಕಡೆ ತಡವಿಲ್ಲದೆ ಜಾಗ ಸಿಗಬೇಕು.

ವರದಿಗಾರ ಗೆಳೆಯರಿಗೆ ಇಷ್ಟು. ಮುಂದಿನ ಸಲ ಇಂಥ ಪತ್ರಿಕಾಗೋಷ್ಠಿಗೆ ಕರೆ ಬಂದಾಗ ಹೋಗಿ, ಚಹಾ ಕುಡಿಯಿರಿ, ಆಮೇಲೆ ಐದು ಪ್ರಶ್ನೆ ಕೇಳಿ. ನೀರು ತುಂಬಲು ಕಾರಣವೇನು, ಪರೀಕ್ಷೆ ಮಾಡಿಸಿದಿರಾ? ಸೂಜಿಯಲ್ಲಿ ಆಗುತ್ತಿರಲಿಲ್ಲವೇ, ಯಾಕೆ? ರೋಗಿ ಎಷ್ಟು ದಿನ, ಎಷ್ಟು ಆಸ್ಪತ್ರೆ ಅಲೆದು ಇಲ್ಲಿಗೆ ಬಂದರು? ಖರ್ಚು ಎಷ್ಟಾಯಿತು, ಕೊಟ್ಟವರು ಯಾರು? ಇನ್ನು ಆರು ತಿಂಗಳು ಅವರನ್ನು ನೋಡಿಕೊಳ್ಳುವವರು ಯಾರು? ರೋಗಿಯ ಹೆಸರು, ಫೋಟೊ ಬೇಕಿಲ್ಲ. ಕಾಯಿಲೆಯ ಹೆಸರು ಬೇಕು.

ಆರು ತಿಂಗಳ ಮೇಲೆ ಆ ರೋಗಿಯ ಊರಿಗೆ ಒಮ್ಮೆ ಹೋಗಿ ಬನ್ನಿ. ಅವರು ಬದುಕಿದ್ದು, ಮಾತ್ರೆ ಮುಗಿಸಿ, ಹೊಲಕ್ಕೆ ಹೋಗುತ್ತಿದ್ದರೆ ಆಗ ‘ಮರುಜನ್ಮ’ ಎಂದು ಬರೆಯಿರಿ. ನಾವೂ ಓದುತ್ತೇವೆ.